ಗೋಡೆಯ ಗುಣ ನೋಡಿ ಗಿಲಾವು ಮಾಡಿಸಿರಿ
(ಹುನ್ನೂರಿನಲ್ಲಿ ರೈತರ ಮುಂದೆ ಮಾಡಿದ ಭಾಷಣ)



ನಾನು ಕೃಷಿ ಡಿಪ್ಲೊಮಾ ಓದಿದವನು, ಗೌಂಡಿಯಲ್ಲ. ಬೀಜ ಗೊಬ್ಬರಗಳ ಮಾತು ಬಿಟ್ಟು ಇವನು ಗೋಡೆಯ ಮಾತು ಏಕೆ ಎತ್ತಿದನೆಂದು ನಿಮಗೆ ಅನಿಸಬಹುದು. ಕಾರಣವಿದೆ. ನಮ್ಮ ಸುತ್ತಿನ ಹಳೆಯ ಮನೆಗಳ ಗೋಡೆಗಳಲ್ಲಿ ಎಷ್ಟೋ ಮಣ್ಣಿನವು, ಮೇಲೆ ಹಾಳಮಣ್ಣಿನ ಮಾಳಿಗೆ. ಮಣ್ಣು ಹೊಲದಲ್ಲಿದ್ದರೂ ಗೋಡೆಯಲ್ಲಿದ್ದರೂ ಅದರ ಗುಣ ಒಂದೇ. ಆ ಗುಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕಬ್ಬಿನ ಬಿಲ್ಲು ಕೈಗೆ ಬಂದ ವರ್ಷ ಮನೆಯ ಹೊರಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಬೇಕೆಂದು ಅನೇಕರಿಗೆ ಆಸೆಯಾಗುವದು. ಒಳ್ಳೇ ಆಸೆಯೇ. ಆದರೆ ಒಳಗಿನ ಗೋಡೆ ಎಂಥದು ಎಂದು ನೋಡದೆ ಮಾಡಿಸಿದರೆ ದುಡ್ಡು ಹಾಳಾಗುವದು. ಒಮ್ಮೊಮ್ಮೆ ಜೀವಕ್ಕೂ ಕುತ್ತು ಬರುವದು. 2009ರ ಸೆಪ್ಟೆಂಬರ ಕೊನೆಗೆ, ಅಕ್ಟೋಬರ ಮೊದಲಿಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯನ್ನು ನೀವು ಮರೆತಿಲ್ಲ. 2019ರ ಆಗಸ್ಟದಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳಿಗೆ ಬಂದ ಮಹಾಪೂರವನ್ನೂ ಮರೆತಿಲ್ಲ. ಹೊಳೆಯ ನೀರು ಹೊಕ್ಕು ಬಿದ್ದ ಮನೆಗಳಿದ್ದವು. ಬರೇ ಮಳೆಯಲ್ಲಿ ನೆನೆನೆನೆದು ಕುಸಿದ ಮಣ್ಣಿನ ಗೋಡೆಗಳೂ ಇದ್ದವು. ಒಣಗಿದ ಮಣ್ಣಿನ ಗೋಡೆ ತಲೆಮಾರುಗಟ್ಟಲೆ ನಿಲ್ಲುವದು. ಬುಡ ನೆನೆದ ಗೋಡೆ ಒಂದೇ ರಾತ್ರಿಯಲ್ಲಿ ಕೂಡ್ರುವದು.

ನೀರು ಗೋಡೆಗೆ ಎರಡು ದಾರಿಯಿಂದ ಬರುವದು. ಒಂದು ಮೇಲಿನಿಂದ ಮಳೆ. ಇನ್ನೊಂದು ಕೆಳಗಿನಿಂದ ನೆಲದ ತೇವ. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವಂತೆ ಮಣ್ಣು ನೀರನ್ನು ಏರಿಸಿಕೊಳ್ಳುವದು. ಕಬ್ಬಿಗೆ ಮಿತಿಮೀರಿ ನೀರು ಬಿಟ್ಟು, ಬಸಿಗಾಲುವೆ ತೆಗೆಯದ ಹೊಲ ಏನಾಗುವದು? ನೀರು ಮೇಲೇರಿ ಆರಿಹೋಗಿ, ಉಪ್ಪು ನೆಲದ ಮೇಲೆ ಬೆಳ್ಳಗೆ ಕೂಡ್ರುವದು. ಹೊಲ ಸವಳಾಯಿತು ಎನ್ನುತ್ತೇವೆ. ಬಚ್ಚಲು ನೀರು ನಿಲ್ಲುವ ಗೋಡೆಯ ಬುಡದಲ್ಲಿ ಕಾಣುವ ಬಿಳಿ ಪುಡಿಯೂ ಅದೇ. ಗೋಡೆಯೂ ಸವಳಾಗುವದು.

ಮಣ್ಣಿನ ಗಿಲಾವು, ಸುಣ್ಣದ ಗಿಲಾವು ಇದ್ದಲ್ಲಿ ಏರಿದ ತೇವ ಹೊರಗಿನ ಗಾಳಿಗೆ ಆರಿಹೋಗುವದು. ಸಿಮೆಂಟಿನ ಗಿಲಾವು ಬಿಗಿ. ಅದು ತೇವವನ್ನು ಸುಲಭವಾಗಿ ಹೊರಗೆ ಬಿಡುವದಿಲ್ಲ. ಮಣ್ಣಿನ ಗೋಡೆ ನೆನೆದಾಗ ಉಬ್ಬುವದು, ಒಣಗಿದಾಗ ಕುಗ್ಗುವದು. ಸಿಮೆಂಟು ಅದರ ಜೊತೆ ಅಷ್ಟು ಉಬ್ಬುವದೂ ಇಲ್ಲ, ಕುಗ್ಗುವದೂ ಇಲ್ಲ. ಆದ್ದರಿಂದ ಎರಡರ ನಡುವೆ ಬಿಡುವು ಬೀಳುವದು, ಮೇಲೆ ಬಿರುಕು ಬಿಡುವದು. ಆ ಬಿರುಕಿನಿಂದ ಒಳಗೆ ಹೋದ ಮಳೆನೀರು ಹೊರಗೆ ಬರಲಾರದೆ ಗೋಡೆಯ ಬುಡವನ್ನು ಕೆಸರು ಮಾಡುವದು. ಹೊರಗೆ ನೋಡಿದರೆ ಗೋಡೆ ನುಣ್ಣಗೆ, ಗಟ್ಟಿಯಾಗಿ ಕಾಣುವದು. ಮೋಸ ಅಲ್ಲಿಯೇ ಇದೆ. ಬರಿಯ ಮಣ್ಣಿನ ಗೋಡೆ ನೆನೆದರೆ ಬಣ್ಣ ಕಪ್ಪಾಗಿ, ಮಣ್ಣು ಉದುರಿ ನಮ್ಮನ್ನು ಎಚ್ಚರಿಸುವದು. ಸಿಮೆಂಟು ಹಚ್ಚಿದ ಗೋಡೆ ಆ ಎಚ್ಚರಿಕೆಯನ್ನು ಮುಚ್ಚಿಡುವದು.

ಹಾಗಾದರೆ ಸಿಮೆಂಟು ಕೆಟ್ಟದ್ದೇ? ಖಂಡಿತ ಅಲ್ಲ. ಸುಟ್ಟ ಇಟ್ಟಿಗೆಯ ಗೋಡೆಗೆ, ಸಿಮೆಂಟಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗೆ ಅದು ಒಳ್ಳೇ ಕವಚ. ಆದರೆ ಕ್ರಮ ತಪ್ಪಬಾರದು.

ಮೊದಲು ಉಸುಕು ಪರೀಕ್ಷಿಸಿರಿ. ಗಾಜಿನ ಲೋಟದಲ್ಲಿ ಅರ್ಧ ಉಸುಕು ಹಾಕಿ, ನೀರು ತುಂಬಿ, ಕಲಕಿ ಮೂರು ತಾಸು ಇಡಿರಿ. ಉಸುಕಿನ ಮೇಲೆ ರಾಡಿ ಪದರಾಗಿ ಕೂಡ್ರುವದು. ಅದು ನೂರಕ್ಕೆ ಎಂಟು ಪಾಲು ಮೀರಿದ್ದರೆ ತೊಳೆಯದೆ ಬಳಸಬೇಡಿರಿ. ಹೊರಗೋಡೆಗೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಉಸುಕು ಸಾಕು. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಉಸುಕು ಕೂಡಿಸಿದರೆ ಇನ್ನೂ ಹಿತ, ಬಿರುಕು ಕಡಿಮೆ. ಸಿಮೆಂಟು ಹೆಚ್ಚು ಹಾಕಿದಷ್ಟೂ ಗಟ್ಟಿ ಎಂಬುದು ತಪ್ಪು ತಿಳುವಳಿಕೆ. ಹೆಚ್ಚಾದರೆ ಕುಗ್ಗಿ ಬಿರಿಯುವದು.

ಇಟ್ಟಿಗೆಗಳ ಸಂದಿಗಳನ್ನು ಅರ್ಧ ಇಂಚು ಕೆದರಿ, ಧೂಳು ತೆಗೆದು, ಗೋಡೆಗೆ ನೀರು ಹೊಡೆಯಿರಿ. ಮೊದಲ ಪದರು ಅರ್ಧ ಇಂಚು. ಅದರ ಮೈ ಒರಟಾಗಿರಲಿ. ಎರಡನೆಯದು ಕಾಲು ಇಂಚು. ನೀರು ಬೆರೆಸಿದ ಗಾರೆಯನ್ನು ಅರ್ಧ ತಾಸಿನೊಳಗೆ ಗೋಡೆಗೆ ಹಚ್ಚಿ ಮುಗಿಸಿರಿ. ಬಿಗಿದ ಗಾರೆಗೆ ಮತ್ತೆ ನೀರು ಸುರಿದು ಕಲಿಸಿದರೆ ಸತ್ವ ಉಳಿಯುವದಿಲ್ಲ. ಕೊನೆಗೆ ಒಣ ಸಿಮೆಂಟು ಉಗ್ಗಿ ತಿಕ್ಕುವ ರೂಢಿಯನ್ನೂ ಬಿಡಿಸಿರಿ. ಮರುದಿನದಿಂದ ಕನಿಷ್ಠ ಏಳು ದಿನ ನೀರು ಹೊಡೆದು ಗೋಡೆಯನ್ನು ತೇವವಾಗಿಡಿರಿ. ಚೈತ್ರ ವೈಶಾಖದ ಬಿಸಿಲಿದ್ದರೆ ಒದ್ದೆ ಗೋಣಿತಟ್ಟು ಇಳಿಬಿಡಿರಿ. ನೀರುಣಿಸದ ಗಿಲಾವು ನೀರಿಲ್ಲದ ಸಸಿಯಂತೆಯೇ ಸರಿ.

ಇನ್ನು ಮಣ್ಣಿನ ಗೋಡೆಯ ಮಾತು. ಅದಕ್ಕೆ ಮಣ್ಣೇ ಮದ್ದು. ಬರೇ ಎರೆಮಣ್ಣು ಬೇಡ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವಂತೆ ಗೋಡೆಯೂ ಬಿರಿಯುವದು. ಕೆಂಪು ಮಸಾರಿ ಮಣ್ಣಿಗೆ ಉಸುಕು, ಹೊಟ್ಟು ಕೂಡಿಸಿ, ನೀರು ಹಾಕಿ ತುಳಿದು ಒಂದು ವಾರ ನೆನೆಗೊಡಿರಿ. ಮೊದಲು ಒಂದು ಮೊಳ ಜಾಗಕ್ಕೆ ಹಚ್ಚಿ ಒಣಗಿಸಿ ನೋಡಿರಿ. ಬಿರುಕು ಬಿಟ್ಟರೆ ಉಸುಕು ಹೆಚ್ಚಿಸಿರಿ. ಕೈಗೆ ಪುಡಿ ಹತ್ತಿದರೆ ಜಿಗುಟು ಮಣ್ಣು ಹೆಚ್ಚಿಸಿರಿ. ಮೇಲಿನ ಪದರಿಗೆ ಸೆಗಣಿ ಕೂಡಿಸಿ, ಒಣಗಿದ ಮೇಲೆ ಸುಣ್ಣ ಬಳಿಯಿರಿ.

"ವರ್ಷ ವರ್ಷ ಮೆತ್ತಿ ಸಾರಿಸುವವರು ಯಾರು?" ಎಂದು ತಾಯಂದಿರು ಕೇಳುವದು ನ್ಯಾಯವೇ. ಈ ದುಡಿಮೆಯೆಲ್ಲ ಅವರ ಮೇಲೆಯೇ ಬೀಳುತ್ತಿದೆ. ಗಂಡಸರೂ ಕೈ ಹಚ್ಚಬೇಕು. ದುಡ್ಡು ಹಾಕುವ ಶಕ್ತಿ ಇದ್ದರೆ ಸುಣ್ಣದ ಗಿಲಾವು ಮಾಡಿಸಿರಿ: ಅರಳಿಸಿ ಒಂದು ವಾರವಾದರೂ ನೀರಿನಲ್ಲಿ ನೆನೆಯಿಟ್ಟ ಸುಣ್ಣ ಒಂದು ಪಾಲು, ಉಸುಕು ಮೂರು ಪಾಲು. ಸುಣ್ಣ ಅರಳಿಸುವಾಗ ನೀರಿಗೆ ಸ್ವಲ್ಪ ಸ್ವಲ್ಪವೇ ಸುಣ್ಣ ಹಾಕಿರಿ. ಸುಣ್ಣದ ಮೇಲೆ ನೀರು ಸುರಿಯಬೇಡಿರಿ. ಕುದಿದು ಕಣ್ಣಿಗೆ ಸಿಡಿಯುವದು. ಮಕ್ಕಳನ್ನು ದೂರವಿಡಿರಿ. ಸುಣ್ಣ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವ ವಸ್ತು. ಅದಕ್ಕೂ ಕೆಲವು ದಿನ ನೆರಳು, ತೇವ ಬೇಕು. ವಿಜಯಪುರದ ಗೋಳಗುಮ್ಮಟ ನೋಡಿದ್ದೀರಿ. 1656ರ ಕಾಲದ ಆ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟು ಪಡೆದದ್ದು 1824ರಲ್ಲಿ. ಸುಣ್ಣವನ್ನು ಕೈಲಾಗದವರ ವಸ್ತುವೆಂದು ಹಳಿಯಬೇಡಿರಿ.

ಈಗಾಗಲೇ ಮಣ್ಣಿನ ಗೋಡೆಗೆ ಸಿಮೆಂಟು ಮಾಡಿಸಿದವರು ಹೆದರಬೇಕಾಗಿಲ್ಲ, ಆದರೆ ಸುಮ್ಮನೆಯೂ ಕೂಡ್ರಬಾರದು. ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡಿರಿ. ಪೊಳ್ಳು ಸಪ್ಪಳ ಬಂದರೆ, ಬುಡ ಉಬ್ಬಿದ್ದರೆ, ಬಿಳಿ ಪುಡಿ ಕಂಡರೆ, ಮೊದಲು ಆ ಗೋಡೆಯ ಬದಿಯ ಹಾಸಿಗೆ, ತೊಟ್ಟಿಲು, ದನಗಳನ್ನು ಬೇರೆ ಕಡೆ ಮಾಡಿರಿ. ಗೋಡೆ ನೆನೆದಿರುವಾಗ ಕೆತ್ತಬೇಡಿರಿ. ಬೇಸಿಗೆಯಲ್ಲಿ, ತಿಳಿದ ಗೌಂಡಿಯನ್ನು ಕರೆದು, ಮಾಳಿಗೆಗೆ ಆಸರೆ ಕೊಟ್ಟು, ಕೆಳಗಿನ ಎರಡು ಮೂರು ಫೂಟು ಸಿಮೆಂಟನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಸಿರಿ. ಚೆನ್ನಾಗಿ ಒಣಗಿದ ಮೇಲೆ ಅಲ್ಲಿ ಮಣ್ಣು ಅಥವಾ ಸುಣ್ಣದ ಗಿಲಾವು ಹಚ್ಚಿರಿ.

ಗೋಡೆ ಯಾವುದೇ ಇರಲಿ, ಮೂರು ಕೆಲಸ ಎಲ್ಲರಿಗೂ ಸಲ್ಲುವವು. ಮಾಳಿಗೆಯ ನೀರು ಗೋಡೆಯಿಂದ ದೂರ ಬೀಳಲಿ. ಬಚ್ಚಲು ನೀರು ಗೋಡೆಯ ಬುಡದಲ್ಲಿ ನಿಲ್ಲದಿರಲಿ. ಗೋಡೆಯ ಸುತ್ತಲಿನ ನೆಲ ಹೊರಗೆ ಇಳಿಜಾರಾಗಿರಲಿ. ಇವಕ್ಕೆ ಹೆಚ್ಚು ಖರ್ಚಿಲ್ಲ. ಸಲಿಕೆ, ಬುಟ್ಟಿ, ಎರಡು ದಿನದ ದುಡಿಮೆ ಸಾಕು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಕಟ್ಟಿದ ಮನೆಯನ್ನು ಕಾಯುವದೂ ಅಷ್ಟೇ ದೊಡ್ಡ ಕೆಲಸ. ಈ ವಾರ ಒಂದು ಸಂಜೆ ಮನೆಯ ಸುತ್ತ ಒಮ್ಮೆ ತಿರುಗಿ ಗೋಡೆಗಳ ಬುಡ ನೋಡಿರಿ. ಮುಂಗಾರು ಬರುವ ಮೊದಲೇ ಕೆಲಸ ಮುಗಿಸಿರಿ.