ಯಾದಿಯಲ್ಲಿ ಬರೆಯದ ಸಾಲು

(ಲಕ್ಷ್ಮೇಶ್ವರದಲ್ಲಿ, ಮದುವೆ ಗೊತ್ತಾದ ಮನೆಗಳವರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಗದಗ-ಬೆಟಗೇರಿಯಿಂದ, ಶಿರಹಟ್ಟಿಯಿಂದ, ಮುಂಡರಗಿಯ ಕಡೆಯಿಂದ ಬಸ್ಸು ಹಿಡಿದು ತಾವು ಲಕ್ಷ್ಮೇಶ್ವರದವರೆಗೆ ಬಂದಿದ್ದೀರಿ. ಮುಂದೆ ಕುಳಿತವರಲ್ಲಿ ಅನೇಕರ ಮನೆಯಲ್ಲಿ ಮದುವೆ ಗೊತ್ತಾಗಿದೆ. ಉಡಿ ತುಂಬಿದ್ದಾಗಿದೆ, ಸಕ್ಕರೆ ಹಂಚಿದ್ದಾಗಿದೆ. ಅಕ್ಕಿಕಾಳು ಬೀಳುವುದಕ್ಕೆ ಇನ್ನು ಎರಡು ತಿಂಗಳೋ ಮೂರು ತಿಂಗಳೋ ಇದ್ದೀತು. ಈ ನಡುವಿನ ತಿಂಗಳುಗಳ ವಿಷಯವನ್ನೇ ಇಂದು ಮಾತಾಡಬೇಕೆಂದಿದ್ದೇವೆ.

ಬಾಗಿಲಲ್ಲಿ ಒಬ್ಬ ಹಿರಿಯರು ನಮ್ಮನ್ನು ತಡೆದು ಕೇಳಿದರು: "ಪಕ್ಷದವರಿಗೆ ಮದವಿ ಮಾತ್ಯಾಕ್ರಿ? ಬೆಲಿ, ಕೂಲಿ, ಹೊಲ ಇದರ ಮಾತಾಡ್ರಿ." ನಾವು ಹೊಲದ ಮಾತನ್ನೇ ಆಡಲು ಬಂದವರು. ನಾವು ಕಂಡ ಮಟ್ಟಿಗೆ, ನಮ್ಮ ಭಾಗದ ರೈತನ ಹೊಲ ಕೈಬಿಟ್ಟು ಹೋಗುವ ದಾರಿಗಳಲ್ಲೊಂದು ಮದುವೆಯ ಹಂದರದ ಕೆಳಗಿನಿಂದಲೇ ಹಾಯ್ದುಹೋಗುತ್ತದೆ.

ಯಾದಿ ಎಂದರೇನೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಡೆಯ ಹಿರಿಯರು ಜಮಖಾನೆಯ ಮೇಲೆ ಕೂಡುತ್ತಾರೆ, ನಡುವೆ ಎಲೆ ಅಡಿಕೆ ಇಡುತ್ತಾರೆ. ತಾಳಿ ಯಾರದು, ಜವಳಿ ಯಾರದು, ವರನ ಉಂಗುರ ಎಷ್ಟು ಗ್ರಾಮಿನದು, ಬಾಂಡೆ ಸಾಮಾನು ಯಾವುವು, ಊಟ ಯಾರ ಪಾಲು, ಎಲ್ಲವನ್ನೂ ಬರೆಯಿಸಿ, ಎರಡು ಪ್ರತಿ ಮಾಡಿ, ಮೂಲೆಗೆ ಅರಿಷಿಣ ಹಚ್ಚಿ ಸಹಿ ಹಾಕುತ್ತಾರೆ. ಬರೆಯುವವನು ಹೆಚ್ಚಾಗಿ ಊರ ಮಾಸ್ತರನೇ. ನಾವು ಪಕ್ಷದ ಕೆಲಸಕ್ಕೆ ಬರುವ ಮೊದಲು ಮಾಸ್ತರಿಕೆ ಮಾಡುತ್ತಿದ್ದೆವು. ನಮ್ಮ ಅಕ್ಷರ ದುಂಡಗಿದೆಯೆಂದು ಸುತ್ತಲಿನ ಮೂರು ನಾಲ್ಕು ಹಳ್ಳಿಯವರು ಯಾದಿ ಬರೆಯಲು ನಮ್ಮನ್ನೇ ಕರೆಯುತ್ತಿದ್ದರು. ಚಹಾ, ಅವಲಕ್ಕಿ, ಒಂದು ಟಾವೆಲ್ಲು ನಮ್ಮ ಸಂಭಾವನೆ. ಎಷ್ಟು ಯಾದಿ ಬರೆದೆವೋ ಲೆಕ್ಕವಿಟ್ಟಿಲ್ಲ. ಒಂದನ್ನು ಮಾತ್ರ ಮರೆತಿಲ್ಲ.

ಅದು ಮುಂಡರಗಿ ತಾಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಎರಿ ಹೊಲದ ಮನೆ. ಮದುಮಗಳು ನಮ್ಮ ಕೈಯಲ್ಲೇ ಓದಿದವಳು. ಅವಳ ತಮ್ಮ ಆಗ ಒಂಬತ್ತನೆಯ ಇಯತ್ತೆಯಲ್ಲಿದ್ದ. ಯಾದಿ ಚೆನ್ನಾಗಿಯೇ ಸಾಗಿತು. ಬಾಂಡೆ ಸಾಮಾನು ಬರೆದು ಮುಗಿಸಿ ನಾವು ಮುಂದಿನ ಸಾಲಿಗೆ ಅಂಕಿ ಹಾಕಿದಾಗ ಬೀಗರ ಕಡೆಯ ಹಿರಿಯರೊಬ್ಬರು ನಮ್ಮ ಕೈ ಮೇಲೆ ಕೈಯಿಟ್ಟರು. "ಮಾಸ್ತರ್ರ, ಪೆನ್ನು ಕೆಳಗ ಇಡ್ರಿ. ಇನ್ನ ಉಳದದ್ದು ಬಾಯಿಮಾತಿನ್ಯಾಗ ಇರ್ಲಿ" ಎಂದರು. ಉಳಿದದ್ದು ಎಂದರೆ ಎರಡು ಲಕ್ಷ ರೂಪಾಯಿ ರೊಕ್ಕ ಮತ್ತು ಮೂರು ತೊಲೆ ಬಂಗಾರ. ಆ ರೊಕ್ಕದಲ್ಲಿ ಹುಡುಗಿಯ ಹೆಸರಿಗೇ ಗದಗಿನಲ್ಲಿ ಒಂದು ಪ್ಲಾಟು ಹಿಡಿಯುತ್ತೇವೆಂದು ವರನ ತಂದೆ ಎಲ್ಲರೆದುರು ಹೇಳಿದರು. ಹೇಳಿದ್ದನ್ನು ನಾವು ಕಿವಿಯಾರೆ ಕೇಳಿದೆವು. ಪೆನ್ನು ಕೆಳಗಿಟ್ಟೆವು.

ಮದುವೆಗೆ ಇಪ್ಪತ್ತು ದಿನ ಇರುವಾಗ ಮತ್ತೊಂದು ಸುದ್ದಿ ಬಂತು: ಹುಡುಗನಿಗೆ ಮೋಟರ್ ಸೈಕಲ್ ಬೇಕಂತೆ. ಲಗ್ನಪತ್ರಿಕೆ ಗದಗಿನ ಮುದ್ರಣಾಲಯದಿಂದ ಅಚ್ಚಾಗಿ ಬಂದು ಅರ್ಧ ಹಂಚಿಕೆಯೂ ಆಗಿತ್ತು. ಒಲ್ಲೆವೆಂದರೆ ನಿಶ್ಚಯ ಮುರಿಯುತ್ತದೆ, ಮುರಿದರೆ ಹುಡುಗಿಯ ಹೆಸರು ಕೆಡುತ್ತದೆ, ಎಂಬ ಹೆದರಿಕೆ. ತಂದೆ ಎರಡು ಎಕರೆ ಒತ್ತಿ ಹಾಕಿದ. ತಾಯಿ ಮಹಿಳಾ ಗುಂಪಿನಲ್ಲಿ ಸಾಲ ಎತ್ತಿದಳು. ಮದುವೆ ಆಯಿತು. ಅಳಿಯ ಕೆಟ್ಟವನಲ್ಲ ಎಂಬುದನ್ನೂ ಹೇಳಬೇಕು. ಹುಡುಗಿಯನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾನೆ. ಆದರೆ ಹೊಲ ಒತ್ತಿಯಿಂದ ಬಿಡಿಸಿಕೊಳ್ಳಲಾಗಲಿಲ್ಲ. ತಮ್ಮ ಹತ್ತನೆಯ ಪರೀಕ್ಷೆಗೆ ಕೂಡ್ರಲಿಲ್ಲ, ಗೋವೆಗೆ ಗೌಂಡಿ ಕೆಲಸಕ್ಕೆ ಹೋದ. ಎರಡು ವರ್ಷದ ಮೇಲೆ ತಂದೆ ಬೀಗರ ಮನೆಗೆ ಹೋಗಿ ಪ್ಲಾಟಿನ ಮಾತು ತೆಗೆದಾಗ, ಅವರು ಟ್ರಂಕಿನಿಂದ ಯಾದಿ ತೆಗೆದು ಮುಂದಿಟ್ಟರಂತೆ. "ಇದರಾಗ ಎಲ್ಲೈತಿ ತೋರಸ್ರಿ" ಎಂದರಂತೆ. ಅದರಲ್ಲಿ ಇರಲಿಲ್ಲ. ಅಕ್ಷರ ನಮ್ಮದೇ.

ಆ ದಿನದಿಂದ ನಾವು ಒಂದು ಮಾತನ್ನು ಹಿಡಿದಿದ್ದೇವೆ. ಯಾದಿಯಲ್ಲಿ ಬರೆಯಲು ನಾಚುವಂಥದ್ದನ್ನು ಯಾದಿಯ ಮುಂದೆ ಕುಳಿತು ಬಾಯಿಂದಲೂ ಆಡಬಾರದು. ಆಡುವ ಪ್ರತಿಯೊಂದನ್ನೂ ಬರೆಯಬೇಕು. ನಡುವೆ ಮೂರನೆಯ ಜಾಗವಿರಬಾರದು. ಹುಂಡಾ ಎನ್ನಿರಿ, ವರೋಪಚಾರ ಎನ್ನಿರಿ, "ಹುಡುಗಿಗೇ ಅಲ್ಲವೇ" ಎನ್ನಿರಿ, ಅದು ಬದುಕಿಕೊಂಡಿರುವುದು ಈ ಮೂರನೆಯ ಜಾಗದಲ್ಲಿ.

ಕಾನೂನು ಏನನ್ನುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. 1984 ಮತ್ತು 1986ರಲ್ಲಿ ಅದನ್ನು ಬಿಗಿ ಮಾಡಿದರು. ಕೊಟ್ಟರೂ ತೆಗೆದುಕೊಂಡರೂ ಕನಿಷ್ಠ ಐದು ವರ್ಷ ಸಜೆ. ದಂಡ ಹದಿನೈದು ಸಾವಿರ ಅಥವಾ ವರದಕ್ಷಿಣೆಯ ಬೆಲೆ, ಯಾವುದು ಹೆಚ್ಚೋ ಅದು. ಬರಿದೇ ಕೇಳಿದ್ದಕ್ಕೂ ಬೇರೆ ಶಿಕ್ಷೆಯಿದೆ. ಕೇಳದೆ, ಪದ್ಧತಿಯಂತೆ, ಕೊಡುವವರ ಶಕ್ತಿಗೆ ಮೀರದೆ ಕೊಟ್ಟ ಉಡುಗೊರೆಗೆ ಅಡ್ಡಿಯಿಲ್ಲ. ಆದರೆ ಅದನ್ನು ಪಟ್ಟಿ ಮಾಡಿ ಇಡಬೇಕೆಂದು 1985ರ ನಿಯಮಗಳು ಹೇಳುತ್ತವೆ: ಯಾವ ವಸ್ತು, ಸುಮಾರು ಬೆಲೆ, ಕೊಟ್ಟವರು ಯಾರು, ಅವರು ಏನಾಗಬೇಕು, ಇಷ್ಟನ್ನು ಬರೆದು ಮದುಮಗ ಮದುಮಗಳು ಇಬ್ಬರೂ ಸಹಿ ಹಾಕಬೇಕು. ನೋಡಿರಿ, ಸರಕಾರವೂ ಕೇಳುತ್ತಿರುವುದು ಒಂದು ಯಾದಿಯನ್ನೇ! ನಮ್ಮ ಯಾದಿಗೂ ಅದಕ್ಕೂ ಒಂದೇ ದೊಡ್ಡ ವ್ಯತ್ಯಾಸ. ನಮ್ಮದರಲ್ಲಿ ಹಿರಿಯರ ಸಹಿ ಇರುತ್ತದೆ. ಅದರಲ್ಲಿ ಹುಡುಗಿಯ ಸಹಿ ಇರುತ್ತದೆ.

ಇನ್ನೊಂದು ಕಲಮನ್ನು ತಾಯಂದಿರು ನೆನಪಿಡಬೇಕು. ಹುಡುಗಿಯ ಮದುವೆಗೆಂದು ಬೇರೆ ಯಾರು ವರದಕ್ಷಿಣೆ ಪಡೆದಿದ್ದರೂ ಅದು ಅವಳದೇ ಸೊತ್ತು; ಮದುವೆಗೆ ಮೊದಲೇ ಪಡೆದಿದ್ದರೆ ಮದುವೆಯಾದ ಮೂರು ತಿಂಗಳೊಳಗೆ ಅವಳಿಗೆ ಒಪ್ಪಿಸಬೇಕು. ಆ ಮುಂಡರಗಿ ಕಡೆಯ ತಂದೆಗೆ ಇದು ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. "ಕೊಟ್ಟೆವೆಂದು ಹೇಳಿದರೆ ನಾವೇ ಸಿಕ್ಕಿಬೀಳುತ್ತೇವೆ" ಎಂದು ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಅನ್ಯಾಯಕ್ಕೊಳಗಾದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಈ ಕಾಯಿದೆಯಡಿ ಮೊಕದ್ದಮೆ ಹೂಡುವಂತಿಲ್ಲವೆಂದು ಅದೇ ಕಾಯಿದೆಯಲ್ಲಿದೆ.

ಈಗ ನಡುವಿನ ತಿಂಗಳುಗಳಿಗೆ ಬರೋಣ. ಬೇಡಿಕೆ ಏರುವುದು ನಿಶ್ಚಯದ ದಿನವಲ್ಲ, ನಿಶ್ಚಯವಾದ ಮೇಲೆ. ಹುಡುಗಿಯ ಕಡೆಯವರು ಹಿಂದೆ ಸರಿಯಲಾರರೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ನಾವು ಸ್ಪಷ್ಟವಾಗಿ ಹೇಳುತ್ತೇವೆ: ನಿಶ್ಚಯ ಮದುವೆಯಲ್ಲ. ಉಡಿ ತುಂಬಿದ ಮಾತ್ರಕ್ಕೆ ಯಾರೂ ಯಾರ ಹೆಂಡತಿಯೂ ಆಗುವುದಿಲ್ಲ. ಯಾದಿಯಾಚೆಗಿನ ಒಂದು ಬೇಡಿಕೆ ಬಂದರೂ ನಿಶ್ಚಯ ಮುರಿಯುವ ಹಕ್ಕು ಹುಡುಗಿಗಿದೆ. ಅಂಥ ದಿನ ಅವಳ ಹೆಸರು ಕೆಡದಂತೆ ನಿಲ್ಲುವುದು ಊರಿನ ಕೆಲಸ. ಮದುವೆ ಮುರಿದ ಮನೆಗೆ ಮೊದಲು ಹೋಗಿ ಚಹಾ ಕುಡಿಯುವವರು ಯಾರು? ನಾವು ಹೋಗೋಣ.

"ಯಾದಿ ಮೇ ಶಾದಿ" ಎಂದು ಒಂದು ರೂಢಿ ನಮ್ಮಲ್ಲಿದೆ. ಯಾದಿ ಬರೆಯಲು ಕೂಡಿದವರು ಅದೇ ದಿನ, ಅದೇ ಊಟದಲ್ಲಿ ಅಕ್ಕಿಕಾಳು ಹಾಕಿ ಮುಗಿಸಿಬಿಡುತ್ತಾರೆ. ಖರ್ಚು ಉಳಿಯುತ್ತದೆ, ನಡುವೆ ಬೇಡಿಕೆ ಏರಲು ದಿನವೇ ಇರುವುದಿಲ್ಲ. ಬಡವರಿಗೆ ಒಳ್ಳೆಯದೇ. ಆದರೆ ಬೆಳಿಗ್ಗೆ ನೋಡಿದ ಹುಡುಗನಿಗೆ ಸಂಜೆ ಕೊರಳೊಡ್ಡಬೇಕಾದ ಹುಡುಗಿಗೆ "ಒಲ್ಲೆ" ಎನ್ನಲು ಸಮಯವೆಲ್ಲಿ? ಅವಳ ವಯಸ್ಸು ನೋಡುವವರು ಯಾರು? ಮುಂಚೆಯೇ ಇಬ್ಬರೂ ಮಾತಾಡಿ ಒಪ್ಪಿದ್ದರೆ, ಇಬ್ಬರ ವಯಸ್ಸಿನ ದಾಖಲೆಯೂ ಕೈಯಲ್ಲಿದ್ದರೆ, ಆಗ ಮಾತ್ರ ನಾವು ಇದನ್ನು ಮೆಚ್ಚುತ್ತೇವೆ.

ವಯಸ್ಸಿನ ಮಾತು ಬಂದದ್ದರಿಂದ ಹೇಳುತ್ತೇವೆ. ಏಳನೆಯ ಇಯತ್ತೆ ಮುಗಿದ ಕೂಡಲೇ ಹಾಜರಿಪಟ್ಟಿಯಿಂದ ಹುಡುಗಿಯರ ಹೆಸರು ಹೋಗುವುದನ್ನು ಮಾಸ್ತರಾಗಿ ನಾವು ಕಂಡಿದ್ದೇವೆ. "ಬರೇ ಗೊತ್ತು ಮಾಡೇವ್ರಿ, ಮದವಿ ಆಮ್ಯಾಲೆ" ಎನ್ನುತ್ತಿದ್ದರು. ಗೊತ್ತು ಮಾಡಿದ ದಿನವೇ ಅವಳ ಪಾಟೀಚೀಲ ಗೂಟಕ್ಕೆ ಏರುತ್ತಿತ್ತು. 2006ರ ಕಾಯಿದೆಯಂತೆ ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮಾಡಿದ್ದು ಬಾಲ್ಯವಿವಾಹ. 2016ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಅಂಥ ಮದುವೆ ಮೊದಲಿನಿಂದಲೇ ಶೂನ್ಯ. 2024ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟು, ಮಕ್ಕಳ ನಿಶ್ಚಿತಾರ್ಥವನ್ನೇ ಕಾನೂನುಬಾಹಿರ ಮಾಡುವುದನ್ನು ಸಂಸತ್ತು ಯೋಚಿಸಬೇಕೆಂದು ಹೇಳಿತು. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಶಾಲೆಯ ಗೋಡೆಯ ಮೇಲಷ್ಟೇ ಅಲ್ಲ, ಲಗ್ನಪತ್ರಿಕೆ ಅಚ್ಚುಮಾಡುವ ಅಂಗಡಿಯಲ್ಲೂ ಬರೆದು ಹಾಕಬೇಕು.

ಖರ್ಚಿನ ಮಾತು. ನಮ್ಮ ಕಡೆ ಹೆಚ್ಚಿನ ಮದುವೆಗಳು ಯುಗಾದಿ, ಬಸವ ಜಯಂತಿಯ ಸುತ್ತಮುತ್ತ ಆಗುತ್ತವೆ. ಹಿಂಗಾರಿಯ ಕಡಲೆ, ಜೋಳ ಮಾರಿದ ರೊಕ್ಕ ಆಗ ಕೈಯಲ್ಲಿರುತ್ತದೆ. ಒಂದು ತಿಂಗಳು ಕಳೆದರೆ ಮುಂಗಾರಿ. ಹೆಸರು ಬಿತ್ತಲು ಬೀಜ, ಗೊಬ್ಬರ ಬೇಕು. ಅಂದರೆ ಹಂದರಕ್ಕೆ ಹೋಗುವುದು ಬಿತ್ತನೆಯ ರೊಕ್ಕವೇ. ಆ ಮೇಲೆ ಬೀಜಕ್ಕೆ ಸಾಲ, ಸಾಲದ ಮೇಲೆ ಬಡ್ಡಿ. ಈಗಿನ ಸಾಲ ಹೆಚ್ಚಾಗಿ ಹೆಂಗಸರ ಹೆಸರಿನಲ್ಲಿ, ಗುಂಪಿನ ಸಾಲ, ವಾರದ ಕಂತು. ಇಂಥ ಸಾಲದ ವಸೂಲಿಯ ಕಿರುಕುಳ ಮಿತಿಮೀರಿದ್ದರಿಂದ 2025ರಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮಗಳ ಮದುವೆಯಲ್ಲಿ ಡಿಜೆ ಕುಣಿದದ್ದು ಒಂದು ರಾತ್ರಿ. ಅದರ ಕಂತಿಗೆ ತಾಯಿ ಎರಡು ವರ್ಷ ಕಳೆ ತೆಗೆಯುತ್ತಾಳೆ.

ಖರ್ಚು ಕಡಿಮೆ ಮಾಡಿರಿ ಎಂದು ಬರಿದೇ ಉಪದೇಶಿಸುವುದು ಸುಲಭ, ನಾವು ಹಾಗೆ ಮಾಡುವುದಿಲ್ಲ. ಬಡವನಿಗೂ ನಾಲ್ಕು ಮಂದಿಗೆ ಉಣಿಸಬೇಕೆಂಬ ಆಸೆ ಇದೆ, ಅದು ತಪ್ಪಲ್ಲ. ಉಣಿಸುವ ಬಗೆಯನ್ನು ನೋಡಬೇಕು. ಮೊದಲು ನಮ್ಮ ಓಣಿಗಳಲ್ಲಿ ಮದುವೆಗೆ ವಾರವಿರುವಾಗಲೇ ಮನೆಮನೆಗೆ ಜೋಳದ ಹಿಟ್ಟು ಹಂಚುತ್ತಿದ್ದರು. ಹೆಂಗಸರು ರೊಟ್ಟಿ ಬಡಿದು, ಕಟಿ ಮಾಡಿ, ಬುಟ್ಟಿಯಲ್ಲಿ ಒಟ್ಟಿ ತಂದುಕೊಡುತ್ತಿದ್ದರು. ಇಂದು ನನ್ನ ಮನೆಗೆ, ನಾಳೆ ನಿನ್ನ ಮನೆಗೆ. ಮುಂಡರಗಿ ತಾಲೂಕಿನ ಡಂಬಳದ ರೊಟ್ಟಿ ಜಾತ್ರೆಯನ್ನು ನೋಡಿದವರಿಗೆ ಗೊತ್ತಿದೆ, ಸಾವಿರ ಮಂದಿಯ ಊಟಕ್ಕೆ ಊರೇ ಒಲೆಯಾಗಬಲ್ಲದು. ಕೇಟರಿಂಗ್‌ನವರಿಗೆ ಎಲೆಗೆ ಇಷ್ಟೆಂದು ಗುತ್ತಿಗೆ ಕೊಡುವುದು ಬಂದ ಮೇಲೆ ಈ ಕೊಡುಕೊಳ್ಳುವಿಕೆ ಸಡಿಲಾಯಿತು. ರೊಟ್ಟಿ, ಬದನಿಕಾಯಿ, ಮಾದಲಿ, ಹಾಲು ಇಷ್ಟಿದ್ದರೆ ಯಾವ ಬೀಗ ಎದ್ದುಹೋದಾನು?

ಇನ್ನು ಸಾಮಾನು. ಹಂಡೆ, ಕೊಪ್ಪರಿಗೆ, ತಾಟು, ಜಮಖಾನೆ, ಶಾಮಿಯಾನಾ ಇವಕ್ಕೆ ಪ್ರತಿ ಮನೆ ಪ್ರತಿ ಸಲ ಬಾಡಿಗೆ ಕೊಡುತ್ತದೆ. ಊರಿಗೊಂದು ಜೊತೆ ಕೂಡಿಕೊಂಡು ಕೊಂಡರೆ ಹತ್ತು ಮದುವೆಯಲ್ಲಿ ಅದರ ರೊಕ್ಕ ತೀರೀತು. ಇದೇನು ಹೊಸ ಕಲ್ಪನೆಯಲ್ಲ. ಸಾವುಕಾರನ ಬಡ್ಡಿಯಿಂದ ಪಾರಾಗಲು ಹಳ್ಳಿಯವರೇ ಕೂಡಿ ಸಹಕಾರಿ ಸಂಘ ಕಟ್ಟಿದ್ದು ನಮ್ಮ ಗದಗಿನ ಮಗ್ಗುಲಿಗಿರುವ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ. ದೇಶಕ್ಕೆ ಸಹಕಾರ ತೋರಿಸಿಕೊಟ್ಟ ನಾಡಿನವರಿಗೆ ಎರಡು ಕೊಪ್ಪರಿಗೆ ಕೂಡಿ ಕೊಳ್ಳಲು ಆಗದೇ? ಜವಳಿಯೂ ಹಾಗೆಯೇ. ಹುಬ್ಬಳ್ಳಿಯ ಗಾಜಿನ ಅಂಗಡಿಗೆ ಎರಡು ಜೀಪು ತುಂಬಿಕೊಂಡು ಹೋಗುವ ಮೊದಲು ಬೆಟಗೇರಿಯ ನೇಕಾರರ ಓಣಿಗೆ ಒಮ್ಮೆ ಹೋಗಿಬನ್ನಿರಿ.

ಸಾಮೂಹಿಕ ವಿವಾಹದ ಬಗ್ಗೆಯೂ ತಾವು ಕೇಳುವಿರಿ. ಧರ್ಮಸ್ಥಳದಲ್ಲಿ 1972ರಿಂದ ನಡೆದು ಬಂದಿದೆ. ನಮ್ಮ ಭಾಗದ ಮಠಗಳ ಜಾತ್ರೆಗಳಲ್ಲೂ ನಡೆಯುತ್ತದೆ. ಎಷ್ಟೋ ಮನೆಗಳನ್ನು ಅದು ಉಳಿಸಿದೆ. ಆದರೆ ಅಲ್ಲಿ ತಾಳಿ ಕಟ್ಟಿ, ಮರುದಿನ ಊರಿಗೆ ಬಂದು ಮತ್ತೊಂದು ಹಂದರ ಹಾಕುವವರನ್ನೂ ನಾವು ಕಂಡಿದ್ದೇವೆ. ಹುಂಡಾದ ಬಾಯಿಮಾತು ಅದಕ್ಕೂ ಮೊದಲೇ ಮುಗಿದಿರುತ್ತದೆ. ಕುವೆಂಪು ಅವರು ಮಗ ತೇಜಸ್ವಿಯ ಮದುವೆಯನ್ನು 1966ರಲ್ಲಿ ಮಂತ್ರಮಾಂಗಲ್ಯದಂತೆ ಮಾಡಿದರು, ಆಡಂಬರವಿಲ್ಲ, ಪುರೋಹಿತರಿಲ್ಲ. ಅದೂ ಒಂದು ದಾರಿ. ಜಾತಿ ಧರ್ಮ ಬೇರೆಯಾದವರಿಗೆ 1954ರ ವಿಶೇಷ ವಿವಾಹ ಕಾಯಿದೆ ಇದೆ. ವಿವಾಹಾಧಿಕಾರಿಗೆ ನೋಟೀಸು ಕೊಟ್ಟು ಮೂವತ್ತು ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು. ಇದನ್ನು ಕೇಳಿ ಮುಖ ಗಂಟಿಕ್ಕುವ ಹಿರಿಯರು ತಮ್ಮ ಊರಿನ ಕಥೆಯನ್ನೇ ನೆನೆಯಲಿ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಶಿವಭಕ್ತ ಆದಯ್ಯ ಇದೇ ಪುಲಿಗೆರೆಯ ಜೈನ ಸೆಟ್ಟಿಯ ಮಗಳು ಪದ್ಮಾವತಿಯನ್ನು ಕೈಹಿಡಿದನೆಂದು ಹರಿಹರನೂ ರಾಘವಾಂಕನೂ ಬರೆದಿದ್ದಾರೆ. ಆ ಕಥೆಯ ಸೋಮೇಶ್ವರನ ಗುಡಿ ಇದೇ ಊರಿನಲ್ಲಿದೆ. ಯಾವ ಬಗೆಯಲ್ಲೇ ಮದುವೆಯಾಗಿರಿ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಮಾಡಿಸಿರಿ. ನಾಳೆ ರೇಶನ್ ಕಾರ್ಡಿಗೂ ಬೇಕಾದೀತು, ಕೋರ್ಟಿಗೂ ಬೇಕಾದೀತು.

ಕೊನೆಗೆ ತರುಣರಿಗೆ ಒಂದು ಮಾತು. ನಮ್ಮ ಪಕ್ಷದ ತರುಣರಿಗೂ ಸೇರಿಸಿ ಹೇಳುತ್ತೇವೆ. "ನನಗೇನೂ ಬ್ಯಾಡಾಗಿತ್ರಿ, ಅಪ್ಪ ಮಾತಾಡ್ಯಾನ" ಎಂಬುದು ಎಲ್ಲ ಮದುಮಕ್ಕಳ ಉತ್ತರ. ಬೆಳಿಗ್ಗೆ ಕೂಲಿಯ ಮೆರವಣಿಗೆಯಲ್ಲಿ ಘೋಷಣೆ ಕೂಗಿದ ಬಾಯಿ ಸಂಜೆ ಯಾದಿಯ ಮುಂದೆ ಅಪ್ಪನ ಬೆನ್ನ ಹಿಂದೆ ಅಡಗುತ್ತದೆ. ನಾವೇನು ಹೊರತಲ್ಲ. ನಮ್ಮ ಮದುವೆಯಲ್ಲಿ ಉಂಗುರ, ವಾಚು ತೆಗೆದುಕೊಂಡೆವು. "ಪದ್ಧತಿ" ಎಂದು ಸುಮ್ಮನಾದೆವು. ಆ ವಾಚು ಇನ್ನೂ ಕೈಯಲ್ಲಿದೆ. ಅದಕ್ಕೆ ಮಾವನವರು ಏನು ಮಾರಿದರೆಂದು ಈವರೆಗೆ ಕೇಳುವ ಧೈರ್ಯವಾಗಿಲ್ಲ.

ಸಭೆ ಮುಗಿದ ಮೇಲೆ ಆ ಕಿಟಕಿಯ ಹತ್ತಿರದ ಮೇಜಿಗೆ ಬನ್ನಿರಿ. ಖಾಲಿ ಹಾಳೆ ಇಟ್ಟಿದ್ದೇವೆ. ಯಾದಿ ಬರೆಯುವವರಿಗೆ ನಾವೇ ಬರೆದುಕೊಡುತ್ತೇವೆ, ಟಾವೆಲ್ಲು ಬೇಡ. ಆದರೆ ಹುಡುಗ ಹುಡುಗಿ ಇಬ್ಬರೂ ಎದುರಿಗೆ ಕೂಡ್ರಬೇಕು, ಅವರ ಸಹಿ ಮೊದಲು, ಹಿರಿಯರದು ಆಮೇಲೆ. ಪೆನ್ನು ಕೆಳಗಿಡಿರೆಂದು ಯಾರಾದರೂ ಹೇಳಿದರೆ, ಹಾಗೆಂದರೆಂಬುದನ್ನೂ ಬರೆದುಕೊಳ್ಳುತ್ತೇವೆ.