ನಡುವಿನ ಖಾಲಿ ಅಂಕಣ

ಇಂದು ಪದವಿ ಪಡೆಯುತ್ತಿರುವ ಗೆಳೆಯ ಗೆಳತಿಯರೇ, ನಿಮ್ಮನ್ನು ಹೊಗಳಲು ಇನ್ನೂ ಅನೇಕರಿದ್ದಾರೆ. ನನಗೆ ಸಿಕ್ಕ ಹೊತ್ತನ್ನು ನಾನು ಒಂದೇ ಚಿಂತೆಗೆ ಮೀಸಲಿಡುತ್ತೇನೆ. 2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 251 ಮಂದಿಯನ್ನು ಒತ್ತೆಯಾಳುಗಳಾಗಿ ಎಳೆದೊಯ್ದರು. ಅದರ ನಂತರದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರ ಸಂಖ್ಯೆ ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಂತೆ 60,000 ದಾಟಿತು. ಇಷ್ಟು ದೊಡ್ಡ ದುರಂತ ಕಣ್ಣೆದುರು ನಡೆಯುತ್ತಿರುವಾಗ ನಮ್ಮ ಓದಿದ ತರುಣರು ಒಂದೇ ಸಂಜೆಯಲ್ಲಿ ಪಕ್ಷ ಹಿಡಿದು ಮುಗಿಸಿದರು. ಮೊಬೈಲಿನಲ್ಲಿ ಬಂದ ವಿಡಿಯೋ ಮುಂದಕ್ಕೆ ದಾಟಿತು, ಡಿಪಿ ಬದಲಾಯಿತು, ಚರ್ಚೆ ಅಲ್ಲಿಗೇ ನಿಂತಿತು. ಪಕ್ಷ ಹಿಡಿದದ್ದಕ್ಕೆ ನನ್ನ ತಕರಾರಿಲ್ಲ. ಎದುರಿನವರ ಕತೆಯನ್ನು ಅವರೇ ‘ಹೌದು, ಇದು ನಮ್ಮದು’ ಎಂದು ಒಪ್ಪುವಂತೆ ಹೇಳಲು ಬಾರದವರು ಇಷ್ಟು ಬೇಗ ತೀರ್ಪು ಕೊಟ್ಟರಲ್ಲ ಎಂಬುದು ಇತಿಹಾಸದ ಅಧ್ಯಾಪಕನಾಗಿ ನನ್ನನ್ನು ಕಾಡುವ ಸಂಗತಿ.

ಆ ಜಗಳ ನಮ್ಮಿಂದ ದೂರದ್ದು ಎನ್ನುವವರು ಈಗ ಇಸ್ರೇಲಿನಲ್ಲಿರುವ ಹೈಫಾ ಬಂದರನ್ನು ನೆನಪಿಸಿಕೊಳ್ಳಬೇಕು. 1918ರ ಸೆಪ್ಟೆಂಬರ್ 23ರಂದು ಬ್ರಿಟಿಷರ ಪರ ಕಾದುತ್ತಿದ್ದ ಮೈಸೂರು ಮತ್ತು ಜೋಧಪುರ ಲ್ಯಾನ್ಸರ್‌ಗಳ ಕುದುರೆ ಸವಾರರು ಆ ಊರನ್ನು ಆಟೊಮನ್ ತುರ್ಕರಿಂದ ಗೆದ್ದರು. ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಅಲ್ಲಿನ ಫಿರಂಗಿಗಳನ್ನು ವಶಪಡಿಸಿಕೊಂಡವರು ಮೈಸೂರಿನವರು. ನಮಗೆ ಅದು ಶೌರ್ಯದ ಕತೆ. ಬೆಂಗಳೂರಿನಲ್ಲಿ ಅವರ ಸ್ಮಾರಕವಿದೆ. ಇಸ್ರೇಲಿನವರಿಗೆ ಅದು ಹೈಫಾದ ಬಿಡುಗಡೆ. ಇಂದಿಗೂ ಅಲ್ಲಿ ಭಾರತೀಯ ಸೈನಿಕರಿಗೆ ಗೌರವ ಸಲ್ಲುತ್ತದೆ. ಪ್ಯಾಲೆಸ್ತೀನಿಯರ ನೆನಪಿನಲ್ಲಿ ಅದೇ ತಿಂಗಳುಗಳು ಬೇರೆಯೇ ಆಗಿ ಉಳಿದಿವೆ: ಒಬ್ಬ ಒಡೆಯ ಹೋಗಿ ಇನ್ನೊಬ್ಬ ಬಂದ, ಬಂದವನು ಅದಾಗಲೇ ಅವರ ನಾಡಿನ ಬಗ್ಗೆ ಇನ್ನೊಬ್ಬರಿಗೆ ಮಾತು ಕೊಟ್ಟಾಗಿತ್ತು. 1917ರ ನವೆಂಬರ್ 2ರ ಬಾಲ್ಫರ್ ಘೋಷಣೆಯಲ್ಲಿ ಬ್ರಿಟನ್ ಯಹೂದಿಗಳಿಗೆ ಅಲ್ಲಿ ರಾಷ್ಟ್ರೀಯ ನೆಲೆ ಕಟ್ಟಿಕೊಡುವುದನ್ನು ಬೆಂಬಲಿಸುವುದಾಗಿ ಹೇಳಿತ್ತು. ಆಗ ಆ ನಾಡಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇದ್ದ ಅರಬರ ಹೆಸರೇ ಆ ಪತ್ರದಲ್ಲಿಲ್ಲ. ಅವರನ್ನು ಯಹೂದಿಗಳಲ್ಲದ ಸಮುದಾಯಗಳೆಂದು ಕರೆದು, ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳ ಮಾತಾಡಿ, ರಾಜಕೀಯ ಹಕ್ಕಿನ ಬಗ್ಗೆ ಸುಮ್ಮನಾಗಿತ್ತು. ನಮ್ಮ ಸವಾರರು ಗೆದ್ದ ಆ ಹೈಫಾದಿಂದ 1948ರ ಏಪ್ರಿಲ್‌ನಲ್ಲಿ ಅರಬರು ಹತ್ತಾರು ಸಾವಿರ ಸಂಖ್ಯೆಯಲ್ಲಿ ಹೊರಟುಹೋದರು. ಉಳಿದವರು ಕೆಲವೇ ಸಾವಿರ.

ಅದೇ ಹೈಫಾದಲ್ಲಿ 1938ರಲ್ಲಿ ಹುಟ್ಟಿದವರು ಡಾನ್ ಬಾರ್-ಓನ್. ತಂದೆತಾಯಿ ಜರ್ಮನಿಯಿಂದ ಬಂದ ಯಹೂದಿಗಳು. ಮನಶ್ಶಾಸ್ತ್ರಜ್ಞರಾದ ಅವರು ಮೊದಲು ಮಾಡಿದ್ದು ನಾತ್ಸಿ ಅಪರಾಧಿಗಳ ಮಕ್ಕಳನ್ನು ಮಾತಾಡಿಸುವ ಕೆಲಸ. ಅನಂತರ ಬೆತ್ಲೆಹೆಮ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರ ಕಲಿಸುತ್ತಿದ್ದ ಸಾಮಿ ಅದ್ವಾನ್ ಜೊತೆ ಸೇರಿ ಎರಡೂ ಕಡೆಯ ಶಾಲಾ ಶಿಕ್ಷಕರನ್ನು ಕೂರಿಸಿ ಒಂದು ಇತಿಹಾಸ ಪಠ್ಯ ಬರೆಸಿದರು. ಅದರ ಪುಟವನ್ನು ನೀವು ನೋಡಬೇಕು. ಒಂದು ಬದಿಗೆ ಇಸ್ರೇಲಿಗಳ ಕಥನ, ಇನ್ನೊಂದು ಬದಿಗೆ ಪ್ಯಾಲೆಸ್ತೀನಿಯರ ಕಥನ, ನಡುವೆ ಗೆರೆ ಹಾಕಿದ ಖಾಲಿ ಅಂಕಣ. ಅದು ವಿದ್ಯಾರ್ಥಿ ಬರೆಯಬೇಕಾದ ಜಾಗ. ಮೊದಲ ಪುಸ್ತಿಕೆ ಬಾಲ್ಫರ್ ಘೋಷಣೆ, ಇಸ್ರೇಲ್ ಹುಟ್ಟಿದ 1948ರ ಯುದ್ಧ ಮತ್ತು 1987ರ ಇಂತಿಫಾದಾ, ಅಂದರೆ ಪ್ಯಾಲೆಸ್ತೀನಿಯರ ದಂಗೆ, ಈ ಮೂರನ್ನು ಎತ್ತಿಕೊಂಡಿತು. ಬಾಲ್ಫರ್ ಪಾಠವನ್ನು ಇಸ್ರೇಲಿ ಶಿಕ್ಷಕರು ಹತ್ತೊಂಬತ್ತನೇ ಶತಮಾನದ ಯೂರೋಪಿನಲ್ಲಿ ಯಹೂದಿಗಳ ಸಂಕಟ ಮತ್ತು ಅವರಿಗೆ ಸ್ವಂತ ನೆಲೆ ಬೇಕೆಂದ ಜಿಯೋನಿಸ್ಟ್ ಚಳವಳಿಯ ಹುಟ್ಟಿನಿಂದ ಆರಂಭಿಸುತ್ತಾರೆ. ಪ್ಯಾಲೆಸ್ತೀನಿ ಶಿಕ್ಷಕರು 1799ರ ನೆಪೋಲಿಯನ್ನನಿಂದ ಆರಂಭಿಸುತ್ತಾರೆ. ಒಬ್ಬರಿಗೆ ಅದು ನೆಲೆ ಇಲ್ಲದವರು ನೆಲೆ ಹುಡುಕಿದ ಕತೆ, ಇನ್ನೊಬ್ಬರಿಗೆ ಯೂರೋಪಿನ ದೊರೆಗಳು ಪರರ ನೆಲವನ್ನು ಹಂಚಿದ ಕತೆ. ಎಲ್ಲಿಂದ ಶುರು ಮಾಡುತ್ತೇವೆ ಎಂಬುದೇ ಅರ್ಧ ವಾದವನ್ನು ಗೆದ್ದುಕೊಡುತ್ತದೆ ಎಂಬುದು ಆ ಪುಟದಷ್ಟು ನಿಚ್ಚಳವಾಗಿ ನನಗೆ ಬೇರೆಲ್ಲೂ ಕಂಡಿಲ್ಲ. ಎರಡನೇ ಇಂತಿಫಾದಾದ ನೆತ್ತರಿನ ವರ್ಷಗಳಲ್ಲೂ, ಚೆಕ್‌ಪೋಸ್ಟ್‌ಗಳ ಅಡ್ಡಿಯ ನಡುವೆ, ಆ ಶಿಕ್ಷಕರು ಸೇರುತ್ತಲೇ ಇದ್ದರು. 2010ರಲ್ಲಿ ಸ್ದೆರೋತ್ ಬಳಿಯ ಒಂದು ಪ್ರೌಢಶಾಲೆ ಈ ಪಠ್ಯ ಬಳಸುತ್ತಿದೆ ಎಂದು ಸುದ್ದಿಯಾದಾಗ ಇಸ್ರೇಲಿನ ಶಿಕ್ಷಣ ಸಚಿವಾಲಯ ತಡೆಯಿತು. ಪ್ಯಾಲೆಸ್ತೀನ್ ಸಚಿವಾಲಯವೂ ತಾನು ಅನುಮತಿ ಕೊಟ್ಟಿಲ್ಲ ಎಂದಿತು. ಮತ್ತಾವುದರಲ್ಲೂ ಒಮ್ಮತಕ್ಕೆ ಬಾರದ ಎರಡು ಆಡಳಿತಗಳು ಮಕ್ಕಳ ಕೈಗೆ ಆ ಪುಸ್ತಕ ಸಿಗಬಾರದೆಂಬಲ್ಲಿ ಒಂದಾದವು. 2008ರಲ್ಲೇ ತೀರಿಕೊಂಡಿದ್ದ ಬಾರ್-ಓನ್ ಇದನ್ನು ನೋಡಲಿಲ್ಲ. ಬಾರ್-ಓನ್, ಅದ್ವಾನ್ ಇಬ್ಬರನ್ನೂ ನಾನು ನನ್ನ ಕಸುಬಿನ ಗುರುಗಳೆಂದು ಎಣಿಸುತ್ತೇನೆ.

ಹಾಗಾದರೆ ಎಲ್ಲವೂ ಅವರವರ ಭಾವಕ್ಕೆ ಬಿಟ್ಟದ್ದೇ, ಸತ್ಯವೆಂಬುದೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಮತ್ತು ಅದನ್ನು ತೆಗೆಯಲು ಕಡತದ ಧೂಳು ಕುಡಿಯಬೇಕು. 1948ರಲ್ಲಿ ಸುಮಾರು 7,00,000 ಪ್ಯಾಲೆಸ್ತೀನಿಯರು ನೆಲೆ ಕಳೆದುಕೊಂಡರು. ಅದನ್ನು ಅವರು ನಕ್ಬಾ ಎನ್ನುತ್ತಾರೆ. ಅರಬ್ ನಾಯಕರೇ ರೇಡಿಯೋದಲ್ಲಿ ಕರೆಕೊಟ್ಟು ಅವರನ್ನು ಹೊರಡಿಸಿದರು ಎಂಬುದು ಇಸ್ರೇಲಿನಲ್ಲಿ ಬಹುಕಾಲ ನಡೆದ ಮಾತು. ಇಸ್ರೇಲಿನದೇ ದಾಖಲೆಗಳು ತೆರೆದಾಗ ಇಸ್ರೇಲಿನವರೇ ಆದ ಬೆನ್ನಿ ಮಾರಿಸ್ 1988ರ ತಮ್ಮ ಪುಸ್ತಕದಲ್ಲಿ ಆ ಮಾತು ನಿಲ್ಲುವುದಿಲ್ಲವೆಂದು, ಲಿದ್ದಾ, ರಾಮ್ಲೆಯಂಥ ಕಡೆ ಸೈನ್ಯವೇ ಜನರನ್ನು ಹೊರಹಾಕಿತೆಂದು ತೋರಿಸಿದರು. ಇತ್ತ, 1948ರ ಏಪ್ರಿಲ್ 9ರಂದು ದೇರ್ ಯಾಸೀನ್ ಹಳ್ಳಿಯಲ್ಲಿ ಯಹೂದಿ ಸಶಸ್ತ್ರ ಗುಂಪುಗಳು ನಡೆಸಿದ ಕಗ್ಗೊಲೆಯಲ್ಲಿ 254 ಜನ ಸತ್ತರೆಂಬುದು ದಶಕಗಳ ಕಾಲ ಎಲ್ಲರ ಬಾಯಲ್ಲಿತ್ತು. ಬದುಕುಳಿದವರನ್ನು ಮಾತಾಡಿಸಿ ಆ ಸಂಖ್ಯೆಯನ್ನು ನೂರರ ಆಸುಪಾಸಿಗೆ ಇಳಿಸಿದವರು ಪ್ಯಾಲೆಸ್ತೀನಿಯರದೇ ಬೀರ್‌ಜೇತ್ ವಿಶ್ವವಿದ್ಯಾಲಯದ ಸಂಶೋಧಕರು. ಕಗ್ಗೊಲೆ ಅದರಿಂದ ಹಗುರವಾಗಲಿಲ್ಲ, ಲೆಕ್ಕ ನೆಟ್ಟಗಾಯಿತು. ತಮ್ಮವರು ಒಪ್ಪಿಕೊಂಡಿದ್ದ ಕತೆಯನ್ನು ತಮ್ಮವರೇ ತಿದ್ದಿದ ಈ ಎರಡು ಉದಾಹರಣೆಗಳನ್ನು ನಾನು ಬೇಕೆಂದೇ ಜೊತೆಗಿಡುತ್ತಿದ್ದೇನೆ. ಎರಡೂ ಕಥನಗಳನ್ನು ಓದದಿದ್ದರೆ ಯಾವುದನ್ನು ಪರೀಕ್ಷೆಗೆ ಒಡ್ಡಬೇಕೆಂಬುದೇ ತಿಳಿಯುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಎರಡು ಅಂಕಣಗಳಿಗೆ ಸಮನಾದ ಅಗಲ ಕೊಟ್ಟರೆ ಸೈನ್ಯವುಳ್ಳ ರಾಜ್ಯಕ್ಕೂ 1967ರಿಂದ ಅದರ ಆಕ್ರಮಣದಡಿ ಬದುಕುವ ಜನರಿಗೂ ಸಮನಾದ ಬಲವಿದೆ ಎಂಬ ಸುಳ್ಳು ಹುಟ್ಟುವುದಿಲ್ಲವೇ? ಹುಟ್ಟುತ್ತದೆ, ಓದುವವನು ಎಚ್ಚರ ತಪ್ಪಿದರೆ. ಸಭೆಗೆ ಬರಲು ಯಾವ ಕಡೆಯ ಶಿಕ್ಷಕರು ಪರವಾನಗಿಗೆ ಕಾಯಬೇಕಿತ್ತು ಎಂಬುದನ್ನು ಆ ಸಮ ಅಂಕಣಗಳು ತೋರಿಸಲಾರವು. ಆದರೆ ಈ ಅಸಮಾನತೆಯನ್ನು ನೋಡಲಿಕ್ಕೂ ಬಲಹೀನನ ಕತೆ ಅವನದೇ ಬಾಯಿಂದ ಪೂರ್ತಿಯಾಗಿ ಕೇಳಬೇಕಾಗುತ್ತದೆ. ಹಾಗೆಯೇ ಬಲವುಳ್ಳವನ ಭಯವೂ ನಟನೆಯಲ್ಲ. ಯೂರೋಪಿನಲ್ಲಿ 60 ಲಕ್ಷ ಯಹೂದಿಗಳ ಹತ್ಯೆಯಾಗಿ ಮೂರು ವರ್ಷ ತುಂಬಿದ ಹೊತ್ತಿಗೆ ಹುಟ್ಟಿದ ರಾಜ್ಯ ಅದು. ಮುಂದಿನ ದಶಕಗಳಲ್ಲಿ ಅರಬ್ ದೇಶಗಳಿಂದಲೂ ಲಕ್ಷಾಂತರ ಯಹೂದಿಗಳು ಮನೆಮಠ ಬಿಟ್ಟು ಬರಬೇಕಾಯಿತು. ಆ ಭಯವನ್ನು ಅರಿತವನು ಗಾಜಾದ ಮಕ್ಕಳ ಸಾವನ್ನು ಮನ್ನಿಸಬೇಕಿಲ್ಲ, ನಾನು ಮನ್ನಿಸುವುದಿಲ್ಲ. ನಕ್ಬಾವನ್ನು ಅರಿತವನು ಅಕ್ಟೋಬರ್ 7ರ ಕೊಲೆಗಡುಕರನ್ನು ಕೊಂಡಾಡಬೇಕಿಲ್ಲ. ಅಂಥ ಕೊಂಡಾಟವನ್ನೂ ನಾನು ಒಪ್ಪುವುದಿಲ್ಲ. ನಡುವಿನ ಅಂಕಣದಲ್ಲಿ ಏನು ಬರೆದರೂ ಆದೀತು ಎಂದಲ್ಲ. ಅಲ್ಲಿ ಬರೆಯುವವನು ಎರಡೂ ಬದಿಯನ್ನು ಓದಿ ತನ್ನ ಹೆಸರಿನಲ್ಲಿ ತೀರ್ಪು ಬರೆಯಬೇಕು, ಅದಕ್ಕೆ ಪುರಾವೆ ಕೊಡಬೇಕು. ನನ್ನ ತೀರ್ಪು ನೀವು ಕೇಳಿದ್ದೀರಿ.

ಜನ ಸಾಯುತ್ತಿರುವಾಗ ಓದುತ್ತ ಕೂರುವುದೇ ಎಂದು ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. ಯುದ್ಧ ನಿಲ್ಲಲಿ ಎಂದು ಬೀದಿಗಿಳಿಯಲು ಯಾವ ಪುಸ್ತಕವೂ ಬೇಕಿಲ್ಲ, ಇಳಿಯಿರಿ. ಆದರೆ ನಾಳೆ ನಿಮ್ಮಲ್ಲಿ ಕೆಲವರು ಶಿಕ್ಷಕರಾಗುತ್ತೀರಿ, ಪತ್ರಿಕೆಗಳಿಗೆ ಸುದ್ದಿ ಬರೆಯುತ್ತೀರಿ. ನಿಮಗೆ ನನ್ನ ಸಲಹೆ ಇಷ್ಟೇ: ಬಾಲ್ಫರ್ ಪತ್ರ ಅರ್ಧ ಪುಟವೂ ಇಲ್ಲ, ಈ ರಾತ್ರಿಯೇ ಓದಿ. 1947ರ ಪ್ಯಾಲೆಸ್ತೀನ್ ವಿಭಜನೆಯ ನಕ್ಷೆಯನ್ನೂ 1949ರ ಕದನವಿರಾಮದ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಾಧ್ಯವಾದವರು ಅರಬ್ಬಿ ಇಲ್ಲವೇ ಹೀಬ್ರೂ ಕಲಿಯಿರಿ. ನಮ್ಮಲ್ಲಿ ಈ ಎರಡನ್ನೂ ಬಲ್ಲ ಇತಿಹಾಸಕಾರರು ತೀರಾ ವಿರಳ. ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ: ಮುಂದಿನ ವರ್ಷದ ಇತಿಹಾಸ ಪ್ರಶ್ನೆಪತ್ರಿಕೆಯಲ್ಲಿ ಯಾವುದಾದರೊಂದು ವಿವಾದದ ಎರಡು ಕಥನಗಳನ್ನು ಅಚ್ಚು ಮಾಡಿ, ನಡುವೆ ಒಂದು ಪುಟ ಖಾಲಿ ಬಿಡಿ, ಅದಕ್ಕೆ ಇಪ್ಪತ್ತು ಅಂಕ ಇಡಿ. ಯಾವ ಪಕ್ಷಕ್ಕೆ ಒಲಿದರೆಂದು ನೋಡದೆ, ಪುರಾವೆಯನ್ನು ಹೇಗೆ ಬಳಸಿದರೆಂದು ನೋಡಿ ಮೌಲ್ಯಮಾಪನ ಮಾಡಿ.