ಶಾಖ ಎಲ್ಲಿ ಸಿಕ್ಕಿಕೊಂಡಿದೆ?

ಏಪ್ರಿಲ್, ಮೇ ಬಂದರೆ ಕಲಬುರಗಿ ಸೀಮೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚಿಬಿಡುತ್ತವೆ. ಬಿಸಿಲಿಗೆ ಇಲ್ಲಿ ಅಷ್ಟು ಮರ್ಯಾದೆ! ಅಂಥ ಒಂದು ಮಧ್ಯಾಹ್ನ ಖೂಬಾ ಪ್ಲಾಟಿನ ಒಂದು ಮನೆ ಮುಂದೆ ನಿಂತ ಕಾರನ್ನು ನೆನೆಸಿಕೊಳ್ಳಿ, ಮಕ್ಕಳೇ. ಮನೆಮಂದಿಯೆಲ್ಲ ಕಮಲಾಪುರಕ್ಕೆ ಹೊರಟಿದ್ದಾರೆ. ಅಪ್ಪ ಕೀಲಿ ತಿರುವಿ ಎಸಿ ಹಾಕಿದರೆ ಗಾಳಿಯೇನೋ ಬಂತು, ಆದರೆ ಬಿಸಿ ಗಾಳಿ. ಹಿಂದಿನ ಸೀಟಿನಿಂದ ಅಜ್ಜಿ, “ಗ್ಯಾಸ್ ಖಾಲಿ ಆಗ್ಯಾದೇನೋ, ತುಂಬಸ್ಬೇಕಿತ್ತು” ಎನ್ನುತ್ತಾಳೆ. ಎಸಿ ಕೆಟ್ಟಾಗ ಊರೆಲ್ಲ ಹೇಳುವ ಮಾತೇ ಇದು. ನಾವು ಅಷ್ಟು ಬೇಗ ಒಪ್ಪುವುದು ಬೇಡ.

ಎಸಿ ತಂಪನ್ನು ತಯಾರಿಸುತ್ತದೆ ಎಂದುಕೊಂಡರೆ ಅದರ ರೋಗ ಎಂದೂ ತಿಳಿಯುವುದಿಲ್ಲ. ಅದು ಮಾಡುವುದು ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವ ಕೆಲಸ. ಗಂಜಿನಲ್ಲಿ ತೊಗರಿ ಚೀಲ ಹೊರುವ ಹಮಾಲರನ್ನು ನೋಡಿದ್ದೀರಲ್ಲ? ಗೋದಾಮಿನಲ್ಲಿ ಚೀಲ ಬೆನ್ನಿಗೇರಿಸಿ, ಲಾರಿಯಲ್ಲಿ ಇಳಿಸಿ, ಬರಿಗೈಯಲ್ಲಿ ಮತ್ತೆ ಒಳಗೆ ಬರುತ್ತಾರೆ. ಕಾರಿನ ಎಸಿಯಲ್ಲಿ ಈ ಹೊರುವ ಕೆಲಸ ಗ್ಯಾಸಿನದು. ಬಹಳಷ್ಟು ಕಾರುಗಳಲ್ಲಿ ಅದರ ಹೆಸರು ಆರ್-134ಎ. ಬಯಲಿಗೆ ಬಿಟ್ಟರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದುಬಿಡುವ ದ್ರವ ಅದು. ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಅದು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅಲ್ಲಿ ಹಾದುಹೋಗುವ ಗಾಳಿಯಿಂದ ಕಸಿಯುತ್ತದೆ, ಗಾಳಿ ತಣ್ಣಗಾಗುತ್ತದೆ. ಮನೆಯ ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದೂ ಇದೇ ನಿಯಮದಿಂದ.

ಶಾಖ ಹೊತ್ತ ಗ್ಯಾಸು ಈಗ ಹೊರಗೆ ಹೋಗಿ ಹೊರೆ ಇಳಿಸಬೇಕು. ಕಲಬುರಗಿಯ ನಿಜವಾದ ಕಷ್ಟ ಇರುವುದು ಇಲ್ಲಿ. ಶಾಖ ಹರಿಯುವುದು ಹೆಚ್ಚು ಬಿಸಿಯಿಂದ ಕಡಿಮೆ ಬಿಸಿಯ ಕಡೆಗೆ ಮಾತ್ರ. ಹೊರಗೆ 42 ಡಿಗ್ರಿ ಇದ್ದರೆ, ಗ್ಯಾಸು ಅದಕ್ಕಿಂತ ಬಿಸಿಯಾಗದ ಹೊರತು ಹೊರೆ ಇಳಿಯುವುದೇ ಇಲ್ಲ. ಅದಕ್ಕೇ ಕಂಪ್ರೆಸರ್ ಬೇಕು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಈ ಪಂಪು ಗ್ಯಾಸನ್ನು ಹಿಂಡಿ, ಟೈರಿನ ಗಾಳಿಗಿಂತ ಏಳೆಂಟು ಪಟ್ಟು ಒತ್ತಡಕ್ಕೆ ತಂದು, 60 ಡಿಗ್ರಿ ದಾಟಿಸುತ್ತದೆ. ಈಗ ನಮ್ಮೂರ ಬಿಸಿಲೂ ಅದರ ಮುಂದೆ ತಂಪೇ! ಕಾರಿನ ಮೂತಿಯಲ್ಲಿ, ರೇಡಿಯೇಟರಿಗಿಂತ ಮುಂದಿರುವ ಕಂಡೆನ್ಸರ್‌ನಲ್ಲಿ ಗ್ಯಾಸು ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಸಣ್ಣದೊಂದು ವಾಲ್ವ್ ದಾಟಿದೊಡನೆ ಒತ್ತಡ ಇಳಿದು, ಮತ್ತೆ ಕಾಯಿಲ್ ಸೇರುತ್ತದೆ.

ದಾರಿ ಗೊತ್ತಾಯಿತಲ್ಲ, ಇನ್ನು ಪತ್ತೇದಾರಿಗೆ ಇಳಿಯೋಣ. ಮೊದಲು ಎಸಿಯ ತಪ್ಪೇ ಇಲ್ಲದ ಸಂಗತಿ. ಗಾಜಿನ ಮೂಲಕ ಬಂದ ಬಿಸಿಲು ಸೀಟು, ಡ್ಯಾಶ್‌ಬೋರ್ಡು ಎಲ್ಲವನ್ನೂ ಕಾಯಿಸುತ್ತದೆ. ಆ ಶಾಖ ಹೊರಬರಲು ದಾರಿಯಿಲ್ಲ. ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಆಗುವುದೂ ಉಂಟು. (ಇದಕ್ಕೇ ನಿಂತ ಕಾರಿನೊಳಗೆ ಆಟವಾಡಬಾರದು, ಒಂದು ಗಳಿಗೆಯೂ.) ಎಲ್ಲ ಕಿಟಕಿ ಇಳಿಸಿ ಒಂದೆರಡು ನಿಮಿಷ ಕಾರು ಓಡಿಸಿದರೆ ಆ ಕಾದ ಗಾಳಿ ತಾನೇ ಹೊರಟುಹೋಗುತ್ತದೆ. ಆಮೇಲೆ ಕಿಟಕಿ ಏರಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿದರೆ ಎಸಿಯ ಕೆಲಸ ಅರ್ಧಕ್ಕೆ ಇಳಿದಂತೆ. ಆ ಗುಂಡಿ ಮರೆತರೆ ಅದು ಬೀದಿಯ 42 ಡಿಗ್ರಿ ಗಾಳಿಯನ್ನೇ ಮತ್ತೆ ಮತ್ತೆ ತಣಿಸುತ್ತಾ ಕೂರಬೇಕು.

ಇಷ್ಟಾದರೂ ಸೆಕೆಯೇ? ಹಾಗಾದರೆ ಗಾಳಿ ಕಿಂಡಿಯ ಮುಂದೆ ಕೈ ಹಿಡಿಯಿರಿ. ಗಾಳಿ ತಂಪಾಗಿದೆ, ಆದರೆ ಜೋರಿಲ್ಲ ಎಂದಾದರೆ ಗ್ಯಾಸಿನ ಮೇಲೆ ಗುಮಾನಿ ಬೇಡ. ಡ್ಯಾಶ್‌ಬೋರ್ಡಿನ ಡಬ್ಬಿಯ ಹಿಂದಿರುವ ಫಿಲ್ಟರ್ ಕಪ್ಪು ಮಣ್ಣಿನ ಧೂಳು ತುಂಬಿ ಕಟ್ಟಿರುತ್ತದೆ. ದೊಡ್ಡವರು ಅದನ್ನು ಎಳೆದು ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡಿ. ಏನೇನು ಸಿಗುತ್ತದೆ ಎಂದು ಬೆರಗಾಗುತ್ತೀರಿ.

ಗಾಳಿ ಜೋರಾಗಿದೆ, ಆದರೆ ಬಿಸಿ ಎಂದಾದರೆ, ಯಾವಾಗ ಬಿಸಿ ಎಂದು ಕೇಳಬೇಕು. ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು, ಯಾಕೆಂದರೆ ಉತ್ತರ ರಸ್ತೆಯಲ್ಲೇ ಸಿಗುತ್ತದೆ. ಜಗತ್ ವೃತ್ತದಲ್ಲಿ ಕಾರು ನಿಂತಾಗ ಬಿಸಿ, ಹುಮನಾಬಾದ್ ರಸ್ತೆ ಹಿಡಿದು ಓಡಿದೊಡನೆ ತಂಪು ಎನ್ನಿ. ಓಡುವ ಕಾರಿನ ಕಂಡೆನ್ಸರಿಗೆ ಗಾಳಿ ತಾನೇ ಬಂದು ಬಡಿಯುತ್ತದೆ. ನಿಂತ ಕಾರಿನಲ್ಲಿ ಆ ಗಾಳಿಯನ್ನು ಫ್ಯಾನ್ ಎಳೆದು ಕೊಡಬೇಕು. ಅಂದರೆ ಫ್ಯಾನ್ ತಿರುಗುತ್ತಿಲ್ಲ, ಇಲ್ಲವೇ ಕಂಡೆನ್ಸರಿನ ತೆಳು ಪಟ್ಟಿಗಳ ನಡುವೆ ಧೂಳು, ಹುಳು ಮೆತ್ತಿವೆ. ಶಾಖ ಇಳಿಯುವ ಜಾಗದಲ್ಲೇ ಸಿಕ್ಕಿಕೊಂಡಿದೆ.

ಇದಕ್ಕೆ ತಿರುಗುಮುರುಗಾದ ಕತೆಯೂ ಉಂಟು. ಊರೊಳಗೆ ಚೆನ್ನಾಗಿ ತಂಪು ಬರುತ್ತಿತ್ತು. ಕಮಲಾಪುರದ ಕೆಂಪು ಬಾಳೆ ಕಣ್ಣಿಗೆ ಬೀಳುವ ಹೊತ್ತಿಗೆ ಗಾಳಿಯೇ ಕ್ಷೀಣಿಸುತ್ತಾ ನಿಂತುಹೋಯಿತು. ಹತ್ತಿಪ್ಪತ್ತು ನಿಮಿಷ ಎಸಿ ಆರಿಸಿ ಹಾಕಿದರೆ ಮತ್ತೆ ಸರಿ! ದೆವ್ವದ ಕಾಟವಲ್ಲ, ಮಂಜುಗಡ್ಡೆ. ಕಾಯಿಲ್ ಸೊನ್ನೆ ಡಿಗ್ರಿಗಿಂತ ತಣ್ಣಗಾಗಿ, ಗಾಳಿಯಲ್ಲಿದ್ದ ತೇವ ಅದರ ಮೇಲೆ ಗಡ್ಡೆ ಕಟ್ಟಿ, ಗಾಳಿಗೆ ಗೋಡೆಯಾಗಿರುತ್ತದೆ. ಗ್ಯಾಸು ಸ್ವಲ್ಪ ಕಡಿಮೆಯಾದಾಗಲೂ ಹೀಗಾಗಬಹುದು. ಒತ್ತಡ ಇಳಿದಷ್ಟೂ ಅದು ಇನ್ನೂ ತಣ್ಣಗೆ ಕುದಿಯುತ್ತದೆ. ಎಸಿ ಆರಿಸಿ, ಬರೀ ಬ್ಲೋವರ್ ಓಡಿಸಿದರೆ ಗಡ್ಡೆ ಕರಗುತ್ತದೆ. ಒಣ ಹವೆಯ ಮೇ ತಿಂಗಳಿಗಿಂತ ಮಳೆಗಾಲದಲ್ಲಿ ಇದು ಹೆಚ್ಚು.

ತೇವದ ಮಾತು ಬಂದಿದ್ದಕ್ಕೆ ನೀವೇ ನೋಡಬಹುದಾದ ಒಂದು ಸಂಗತಿ ಹೇಳುತ್ತೇನೆ. ಎಸಿ ಹಾಕಿದ ಕಾರಿನ ಹೊಟ್ಟೆಯ ಕೆಳಗೆ ನೀರು ತೊಟ್ಟಿಕ್ಕುತ್ತದಲ್ಲ, ಅದು ಸೋರಿಕೆಯಲ್ಲ. ತಣ್ಣನೆಯ ಕಾಯಿಲ್ ಮೇಲೆ ಹನಿಗಟ್ಟಿದ ಗಾಳಿಯ ತೇವ. ಅದೇ ಕಾರಿನ ಕೆಳಗೆ ಮೇ ತಿಂಗಳಲ್ಲೊಮ್ಮೆ, ಜುಲೈನಲ್ಲೊಮ್ಮೆ ಇಣುಕಿ ನೋಡಿ. ನೀರು ಹೊರಗೆ ಬೀಳದೆ ಕಾಲಡಿಯ ಮ್ಯಾಟ್ ಒದ್ದೆಯಾದರೆ ಅದರ ಕೊಳವೆ ಕಟ್ಟಿದೆ ಎಂದು ತಿಳಿಯಿರಿ. ಮುಗ್ಗಲು ವಾಸನೆ ಬಂದರೆ ಆ ತೇವದಲ್ಲಿ ಬೂಷ್ಟು ಬೆಳೆದಿದೆ.

ಇನ್ನು ಅಜ್ಜಿಯ ಗ್ಯಾಸಿನ ಮಾತು. ಹಲವು ಕಾರುಗಳಲ್ಲಿ ಎಸಿ ಗುಂಡಿ ಒತ್ತಿದಾಗ ಬಾನೆಟ್ ಒಳಗಿಂದ ‘ಟಕ್’ ಎಂದು ಕೇಳಿಸುತ್ತದೆ. ಕಂಪ್ರೆಸರಿನ ಕ್ಲಚ್ಚನ್ನು ಅಯಸ್ಕಾಂತ ಎಳೆದುಕೊಂಡ ಸದ್ದು ಅದು. ಗ್ಯಾಸು ತೀರಾ ಕಡಿಮೆಯಿದ್ದರೆ ಆ ಸದ್ದು ಬರುವುದಿಲ್ಲ. ಕಂಪ್ರೆಸರಿಗೆ ಎಣ್ಣೆ ತಲುಪುವುದು ಗ್ಯಾಸಿನ ಜೊತೆಗೇ ಆದ್ದರಿಂದ, ಒಣಗಿದ ಕಂಪ್ರೆಸರ್ ತಿರುಗಿ ಸುಟ್ಟುಹೋಗದಂತೆ ಒಂದು ಸ್ವಿಚ್ ತಡೆಯುತ್ತದೆ. ಫ್ಯೂಸ್ ಹೋಗಿದ್ದರೂ ಸದ್ದು ಬರುವುದಿಲ್ಲ, ಅದನ್ನೂ ನೋಡಬೇಕು. ಗ್ಯಾಸೇ ಕಡಿಮೆ ಎಂದು ಗೊತ್ತಾದರೆ ಅದು ಎಲ್ಲಿ ಹೋಯಿತು? ಪೆಟ್ರೋಲಿನ ಹಾಗೆ ಅದು ಉರಿದು ತೀರುವುದಿಲ್ಲ. ಚೀಲ ಹೊತ್ತ ಮಾತ್ರಕ್ಕೆ ಹಮಾಲರು ಕರಗುತ್ತಾರೆಯೇ? ಎಲ್ಲೋ ಸೋರಿದೆ. ಒಳ್ಳೆಯ ಮೆಕ್ಯಾನಿಕ್ ಮೊದಲು ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕುತ್ತಾನೆ. ಹುಡುಕದೆ ಬರೀ ತುಂಬಿಸಿ ಕಳಿಸುವವನ ಹತ್ತಿರ ಮುಂದಿನ ಬೇಸಿಗೆಗೆ ಮತ್ತೆ ಹೋಗಬೇಕಾಗುತ್ತದೆ. ಸೋರಿದ ಗ್ಯಾಸು ಆಕಾಶಕ್ಕೂ ಹೊರೆ. ಹಿಂದೆ ಬಳಸುತ್ತಿದ್ದ ಆರ್-12 ಓಜೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನನ್ನು ಮುಟ್ಟುವುದಿಲ್ಲ. ಆದರೆ ಅದರ ಒಂದು ಕಿಲೋ, ನೂರು ವರ್ಷಗಳ ಲೆಕ್ಕದಲ್ಲಿ, ಸಾವಿರ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ.

ಬಿಸಿ ಗಾಳಿಯ ಕೊನೆಯ ಗುಮಾನಿ ಹೀಟರಿನ ಮೇಲೆ. ಕಲಬುರಗಿಯಲ್ಲಿ ಹೀಟರ್ ಯಾರಿಗೆ ಬೇಕು ಎಂದು ನಗಬೇಡಿ. ಎಂಜಿನ್ ತಣಿಸಿ ಬಂದ ಬಿಸಿ ಕೂಲೆಂಟನ್ನು ಡ್ಯಾಶ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರಿಗೆ ಹಾಯಿಸಿ, ಅದರ ಮೇಲೆ ಗಾಳಿ ಊದುವುದೇ ಹೀಟರ್. ಬಿಸಿಗೂ ತಂಪಿಗೂ ನಡುವೆ ಒಂದು ಬಾಗಿಲಿದೆ. ಅದು ಬಿಸಿಯ ಕಡೆ ಸಿಕ್ಕಿಕೊಂಡರೆ ಎಸಿ ಎಷ್ಟೇ ದುಡಿದರೂ ಬಿಸಿ ಗಾಳಿಯೇ ಗತಿ. ಸಿಹಿ ವಾಸನೆ ಬಂದು ಮುಂದಿನ ಗಾಜಿಗೆ ಜಿಡ್ಡು ಮಂಜು ಕವಿದರೆ ಆ ಪುಟ್ಟ ರೇಡಿಯೇಟರ್ ಸೋರುತ್ತಿದೆ. ದಾರಿಯಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಏರುವಾಗಲೂ ಹೀಟರ್ ನೆರವಿಗೆ ಬರುತ್ತದೆ. ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತಿರುವಿದರೆ ಎಂಜಿನ್ನಿನ ಶಾಖ ಒಂದಿಷ್ಟು ಆ ದಾರಿಯಲ್ಲಿ ಹೊರಬೀಳುತ್ತದೆ. ಅಷ್ಟರಲ್ಲಿ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಬಹುದು. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಆಗ ಯಾರೂ ಮುಟ್ಟಬಾರದು. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ತಡೆದುಕೊಂಡಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒಮ್ಮೆಲೇ ಉಕ್ಕಿ ಮೈಮೇಲೆ ಚಿಮ್ಮುತ್ತದೆ. ಎಂಜಿನ್ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ನೆರಳಲ್ಲಿ ಕಾಯಬೇಕು.